ಐತಜ್ಜನ ಸುದ್ದಿ ಸ್ಕಾಟ್ಲೆಂಡಿನಿಂದ ಬಂದದ್ದು

ಸ್ವಲ್ಪ ತಡೆಯಿರಿ, ಪುಟ ಮಗುಚಬೇಡಿ. ಒಂದು ಸಂಗತಿ ಬರುವುದುಂಟು. ಅದು ಬರುವವರೆಗೆ ಕೂತಿರಿ. ನೇರವಾಗಿ ವಿಷಯಕ್ಕೆ ಬರುವ ಅಭ್ಯಾಸ ನನಗಿಲ್ಲ. ಕಾಪುವಿನಿಂದ ಉಡುಪಿಗೆ ಹೋಗುವ ಸರ್ವಿಸ್ ಬಸ್ಸಿನ ಹಾಗೆ ಕೈ ತೋರಿಸಿದಲ್ಲೆಲ್ಲ ನಿಲ್ಲಿಸುತ್ತೇನೆ. ಆದರೆ ತಲುಪುತ್ತೇನೆ. ತಲುಪದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಕೊನೆಗೆ ನಿಮಗೂ ಅನ್ನಿಸಬಹುದು. ನನಗೆ ಹಾಗೆ ಅನ್ನಿಸದ ದಿನವಿಲ್ಲ.

ಮೊನ್ನೆ ಅಂಚೆ ಕಚೇರಿಯಲ್ಲಿ ಒಂದು ಚೀಟಿ ತುಂಬಲು ಜೇಬಿನಿಂದ ಪೆನ್ಸಿಲ್ ತೆಗೆದೆ. ಕಿಟಕಿಯ ಆಚೆ ಕೂತಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಂತ ಮಾರಾಯ್ರೆ, ಪೆನ್ಸಿಲಲ್ಲಿ ಬರೀತೀರಿ? ಮೀಸೆ ಬಂದ ಮೇಲೂ ಎರಡನೇ ಕ್ಲಾಸಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ನನ್ನ ಜೇಬಿನಲ್ಲಿ ಪೆನ್ನು ಇರುವುದಿಲ್ಲ. ಹಳೆಯ ಕಾಗದದ ಹತ್ತಿರ ಶಾಯಿ ಒಯ್ಯಬಾರದು ಎಂದು ನನಗೆ ಕಲಿಸಿದ್ದು ಸ್ಕಾಟ್ಲೆಂಡಿನ ಒಂದು ಲೈಬ್ರರಿ. ಅದನ್ನು ನಾನು ಕಣ್ಣಾರೆ ನೋಡಿದ್ದಲ್ಲ. ಮಂಗಳೂರಿನಿಂದ ಆಚೆ ನಾನು ಹೋದದ್ದು ಕಾಸರಗೋಡಿಗೆ ಮಾತ್ರ, ಅದೂ ಮದುವೆ ದಿಬ್ಬಣದ ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು.

ಆ ಲೈಬ್ರರಿಯವರು ಮೊದಲ ಪತ್ರದ ಜೊತೆ ಒಂದು ಅಚ್ಚಾದ ಚೀಟಿ ಕಳಿಸಿದ್ದರು. ಓದಲು ಬರುವವರು ಪಾಲಿಸಬೇಕಾದ ನಿಯಮಗಳು. ಕೈ ತೊಳೆದು ಒರೆಸಿಕೊಂಡು ಬರಬೇಕು. ಪೆನ್ಸಿಲ್ ಮಾತ್ರ ತರಬಹುದು. ಒಂದು ಸಲಕ್ಕೆ ಒಂದೇ ಪೆಟ್ಟಿಗೆ. ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚಬಾರದು. ಈ ಕೊನೆಯದನ್ನು ಓದುವಾಗ ನನ್ನ ಬೆರಳು ನಾಲಿಗೆಯ ಮೇಲೆಯೇ ಇತ್ತು. ನಾಚಿಕೆಯಾಯಿತು. ಅಲ್ಲಿಗೆ ಹೋಗುವ ಯೋಗ ನನಗಿಲ್ಲ ಎಂದು ಗೊತ್ತಿದ್ದರೂ ಅವತ್ತಿನಿಂದ ಎಲ್ಲ ನಿಯಮಗಳನ್ನು ಪಾಲಿಸಿದೆ. ದೇವಸ್ಥಾನ ದೂರವಿದ್ದರೂ ಮಡಿ ಮನೆಯಲ್ಲೇ ಮಾಡಬಹುದಲ್ಲ.

ನಮ್ಮ ಮನೆಯಲ್ಲಿ ಕಾಗದ ಇಡುವ ಕ್ರಮವೇ ಬೇರೆ ಇತ್ತು. ಅಪ್ಪ ಕಾಪುವಿನಲ್ಲಿ ಶಾಲೆಯ ಮಾಸ್ಟ್ರು. ಬಂದ ಕಾಗದಗಳನ್ನೆಲ್ಲ ಒಂದು ತಂತಿಗೆ ಚುಚ್ಚಿ ಅಡುಗೆಮನೆಯ ಪಕ್ಕದ ಜಂತಿಗೆ ನೇತು ಹಾಕುತ್ತಿದ್ದರು. ಬೂತಾಯಿ ಮೀನು ಹುರಿದ ಹೊಗೆ ಕುಡಿದು ಕುಡಿದು ಅವು ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಮಳೆಗಾಲದಲ್ಲಿ ಮಾಡಲು ಕೆಲಸವಿಲ್ಲದಾಗ ನಾನು ಮಣೆಯ ಮೇಲೆ ನಿಂತು, ಕತ್ತು ಓರೆ ಮಾಡಿ, ತಂತಿಯಿಂದ ಬಿಡಿಸದೆ ಕಾಗದ ಓದುತ್ತಿದ್ದೆ. ಪ್ರತಿ ಕಾಗದದ ನಡುವೆ ತಂತಿಯ ತೂತು. ಹಾಗಾಗಿ ನಮ್ಮ ನೆಂಟರ ಬದುಕಿನಲ್ಲಿ ನಡುವಿನ ಒಂದೊಂದು ಶಬ್ದ ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತೆಯ ಮಗಳಿಗೆ ಹೆರಿಗೆಯಾಗಿದೆ ಎಂದು ಗೊತ್ತು. ಮಗು ಗಂಡೋ ಹೆಣ್ಣೋ ತಂತಿಗೇ ಗೊತ್ತು.

ಆ ತಂತಿಯಲ್ಲಿ ಒಂದು ಜಾತಿಯ ಕಾಗದ ಮಾತ್ರ ಇರುತ್ತಿರಲಿಲ್ಲ. ಸಾವಿನ ಕಾಗದ. ಅದನ್ನು ಮನೆಯೊಳಗೆ ತರಲಿಕ್ಕಿಲ್ಲ. ಅಪ್ಪ ಅಂಗಳದಲ್ಲೇ ನಿಂತು ಓದಿ, ಚೂರು ಚೂರು ಮಾಡಿ ತೆಂಗಿನ ಬುಡಕ್ಕೆ ಹಾಕಿ, ಬಾವಿಕಟ್ಟೆಗೆ ಹೋಗಿ ಎರಡು ಕೊಡ ನೀರು ಸುರಿದುಕೊಂಡು ಒಳಗೆ ಬರುತ್ತಿದ್ದರು. ಅಪ್ಪ ಹೊತ್ತಲ್ಲದ ಹೊತ್ತಿನಲ್ಲಿ ಸ್ನಾನ ಮಾಡಿದರೆ ಯಾರೋ ಹೋದರು ಎಂದು ಅರ್ಥ. ತಂತಿಯ ಲೆಕ್ಕದಲ್ಲಿ ನೋಡಿದರೆ ನಮ್ಮ ಬಳಗದಲ್ಲಿ ಯಾರೂ ಸತ್ತೇ ಇಲ್ಲ. ಎಲ್ಲರೂ ಕ್ಷೇಮ, ಎಲ್ಲರಿಗೂ ನಮ್ಮ ಕ್ಷೇಮದ ಬಗ್ಗೆ ಚಿಂತೆ.

ನನ್ನ ಹಳೆ ಕಾಗದದ ಹುಚ್ಚು ಅಲ್ಲಿಂದ ಶುರುವಾಗಿರಬೇಕು. ಕಾಲೇಜಿನಲ್ಲಿ ಚರಿತ್ರೆ ಓದಿದವನಲ್ಲ ನಾನು. ಕಾಲೇಜನ್ನೇ ಸರಿಯಾಗಿ ಓದಿದವನಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಉಡುಪಿಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹುಡುಗಿಯರಿಗೆ ಬೆರಳು ಇಡುವುದನ್ನು ಕಲಿಸುವ ಕೆಲಸ ಸಿಕ್ಕಿತು. ಬಿಡುವಿನಲ್ಲಿ ಮಣಿಪಾಲಕ್ಕೆ ಹೋಗುತ್ತಿದ್ದೆ. ಅಲ್ಲಿಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕ ಎತ್ತಿಡುವ ಭುಜಂಗ ನನ್ನ ಶಾಲೆಯ ಜೊತೆಗಾರ. ಒಂದು ದಿನ ನಾನು ಹೋದಾಗ ಅವನು ನೆಲದ ಮೇಲೆ ಪುಸ್ತಕದ ಗುಡ್ಡೆ ಹಾಕಿ ಕೂತಿದ್ದ.

"ಇದೆಲ್ಲ ಯಾರೂ ಓದುವುದಿಲ್ಲ ಅಂತ ಗುಜರಿಗೆ ಕೊಡ್ಲಿಕ್ಕೆ ಹೇಳಿದ್ದಾರೆ," ಎಂದ. "ನೀನು ಬಂದದ್ದು ಒಳ್ಳೆದಾಯ್ತು. ನೀನೂ ಒಂದು ಗುಜರಿಯೇ ಅಲ್ವಾ."

ಆ ಗುಡ್ಡೆಯಲ್ಲಿ ಬಟ್ಟೆಯ ಬೈಂಡಿನ ಒಂದು ಪುಸ್ತಕವಿತ್ತು. ಸ್ಕಾಟ್ಲೆಂಡಿನ ಆ ಲೈಬ್ರರಿಯಲ್ಲಿ ಯಾರು ಯಾರ ಹಳೆ ಪತ್ರಗಳು, ಕೈಬರಹಗಳು ಇವೆ ಎಂಬ ಪಟ್ಟಿ. ಬೇರೇನೂ ಇಲ್ಲ, ಬರೀ ಪಟ್ಟಿ. ನಾನು ಅದನ್ನು ಮನೆಗೆ ತಂದು, ಬೇರೆಯವರು ಪತ್ತೇದಾರಿ ಕಾದಂಬರಿ ಓದುವ ಹಾಗೆ ಓದಿದೆ. ಅಲ್ಲಿ ಅಗಸನ ಬಟ್ಟೆಯ ಪಟ್ಟಿಗೂ ಒಂದು ಸಂಖ್ಯೆ ಉಂಟು. ಯಾರೋ ಒಬ್ಬ ಮುದುಕಿ ತನ್ನ ಸೊಸೆಯ ಬಗ್ಗೆ ಬರೆದ ದೂರಿಗೂ ಒಂದು ಪೆಟ್ಟಿಗೆ ಉಂಟು. ಓದುತ್ತಾ ಓದುತ್ತಾ ಒಂದು ಸಾಲಿನಲ್ಲಿ ನಿಂತೆ. ಕೆನರಾದ ಕರಾವಳಿಯಲ್ಲಿ ಸಮುದ್ರದ ಆಳ ಅಳೆದ ಒಬ್ಬ ಅಧಿಕಾರಿ ತನ್ನ ತಂಗಿಗೆ ಬರೆದ ಪತ್ರಗಳು.

ನಿಂತದ್ದು ಯಾಕೆಂದರೆ ಆ ಮನುಷ್ಯನ ಕತೆ ನನಗೆ ಗೊತ್ತಿತ್ತು. ಪದ್ದಕ್ಕ ಹೇಳಿದ್ದರು.

ಪದ್ದಕ್ಕ ಕಾಪುವಿನ ಕಡಲ ಬದಿಯವರು. ಆಗಲೇ ಎಪ್ಪತ್ತೈದು ದಾಟಿತ್ತು. ಹಲ್ಲು ಹೋಗಿತ್ತು, ಸ್ವರ ಹೋಗಿರಲಿಲ್ಲ. ಪ್ರಾಯದಲ್ಲಿ ಮೀನಿನ ಬುಟ್ಟಿ ಹೊತ್ತು ಎಲ್ಲೂರು, ನಂದಿಕೂರಿನವರೆಗೂ ನಡೆದು ಮಾರಿದವರು. ನಮ್ಮ ಮನೆಗೂ ಅವರದೇ ಮೀನು. ಅಮ್ಮ ಬಂಗುಡೆಯ ಕಿವಿ ಎತ್ತಿ ನೋಡಿದರೆ, "ನೋಡಿ, ನೋಡಿ, ನಿಮ್ಮ ಮಗನ ಕಿವಿಗಿಂತ ಚೊಕ್ಕ ಉಂಟು," ಎನ್ನುತ್ತಿದ್ದರು. ಊರಿಗೆಲ್ಲ ಅವರು ಅಕ್ಕ, ನನಗೂ ಅಕ್ಕ.

ಅವರ ಮನೆಯಲ್ಲಿ ಒಂದು ಎಲೆಯ ವಿಷಯ ಇತ್ತು. ನವರಾತ್ರಿಯ ಹೊತ್ತಿನ ಮಾರ್ನೆಮಿಗೆ ತೀರಿಹೋದ ಹಿರಿಯರಿಗೆ ಒಳಕೋಣೆಯಲ್ಲಿ ಸಾಲಾಗಿ ಎಲೆ ಹಾಕಿ, ಅವರವರಿಗೆ ಬೇಕಾದ್ದನ್ನು ಬಡಿಸಿ, ಬಾಗಿಲೆಳೆದು ಹೊರಗೆ ಕೂರುವ ಕ್ರಮ ನಮ್ಮ ಕಡೆ ಉಂಟಲ್ಲ. ಪದ್ದಕ್ಕನ ಮನೆಯಲ್ಲಿ ಆ ಸಾಲು ಬಿಟ್ಟು ಇನ್ನೊಂದು ಎಲೆ ಹಿಂದಿನ ಜಗಲಿಯಲ್ಲಿ, ಕಡಲಿನ ಕಡೆಗೆ ಹಾಕುತ್ತಿದ್ದರು. ಅದಕ್ಕೆ ಏನೂ ಬಡಿಸಲಿಕ್ಕಿಲ್ಲ. ಒಂದು ಲೋಟ ನೀರು ಮಾತ್ರ. ಸಂಜೆ ಮನೆಯ ಹಿರಿಯ ಹೆಂಗಸು ಆ ಎಲೆಯನ್ನು ಮಡಚಿ ಕಡಲಿಗೆ ಬಿಟ್ಟು ಬರಬೇಕು. ಆ ಎಲೆ ಪದ್ದಕ್ಕನ ಅಜ್ಜಿಯ ಅಣ್ಣ ಐತನದ್ದು.

"ನನ್ನ ಅಜ್ಜಿ ಆಗ ಸಣ್ಣ ಹುಡುಗಿಯಂತೆ," ಪದ್ದಕ್ಕ ಹೇಳಿದ್ದರು. "ಕೆಂಪು ಗಡ್ಡದ ಒಬ್ಬ ದೊರೆ ಬಂದಿದ್ದ. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಕಡಲಿನ ಆಳ ನೋಡುವುದು. ಇಲ್ಲಿಯ ಬಂಡೆಯೆಲ್ಲ ಐತಜ್ಜನಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು, ಅದಕ್ಕೆ ಕರ್ಕೊಂಡು ಹೋದ. ಗಂಜಿ ಉಣ್ತಾ ಇದ್ದವರು ಅರ್ಧದಲ್ಲಿ ಎದ್ದರಂತೆ. ಬಂದು ಉಣ್ತೇನೆ ಅಂದ್ರಂತೆ. ಅಷ್ಟೆ."

"ಅದಾಗಿ ನೂರು ವರ್ಷ ಆಯ್ತಲ್ಲ ಅಕ್ಕ. ಸತ್ತಿರ್ತಾರೆ."

"ಸತ್ತದ್ದು ಗೊತ್ತುಂಟು ಮಗಾ. ನೂರು ವರ್ಷ ಯಾರು ಬದುಕ್ತಾರೆ? ಆದ್ರೆ ಸುದ್ದಿ ಬರ್ಲಿಲ್ಲ ಅಲ್ವಾ. ಸುದ್ದಿ ಬಾರದೆ ಬೊಜ್ಜ ಮಾಡ್ಲಿಕ್ಕಿಲ್ಲ. ಬೊಜ್ಜ ಆಗದೆ ಸಾಲಿಗೆ ಸೇರಿಸ್ಲಿಕ್ಕಿಲ್ಲ. ಬದುಕಿದವನಿಗೆ ಸತ್ತವರ ಸಾಲಲ್ಲಿ ಎಲೆ ಹಾಕಿದ್ರೆ ದೋಷ. ಸತ್ತವನಿಗೆ ಹಾಕದಿದ್ರೆ ಉಪವಾಸ. ನೀನೇ ಹೇಳು, ಎಂತ ಮಾಡುವುದು?"

ಬೊಜ್ಜ ಎಂದರೆ ಉತ್ತರಕ್ರಿಯೆ. ಊರಿನ ಕಟ್ಟುಕಟ್ಟಳೆ ನೋಡುವ ಗುರಿಕಾರರು ಮೂರು ತಲೆಮಾರಿನಿಂದ ಇದನ್ನೇ ಹೇಳಿಕೊಂಡು ಬಂದಿದ್ದರು: ಸುದ್ದಿ ಬರಲಿ, ಮಾಡುವಾ. ಪದ್ದಕ್ಕನ ಮಗಳು ಮೊದಲೇ ತೀರಿಕೊಂಡಿದ್ದಳು. ಇದ್ದದ್ದು ಮಗಳ ಮಗ ಸದಾಶಿವ ಒಬ್ಬ, ಮಲ್ಪೆಯಲ್ಲಿ ಬೋಟಿಗೆ ಹೋಗುವವನು. ಕಡಲಿಗೆ ಎಲೆ ಬಿಡುವ ಹೆಂಗಸು ಆ ಮನೆಯಲ್ಲಿ ಇನ್ನೊಬ್ಬಳಿಲ್ಲ. ಪದ್ದಕ್ಕ ಹೋದರೆ ಐತಜ್ಜನಿಗೆ ಆ ಒಂದು ಲೋಟ ನೀರೂ ಇಲ್ಲ. ಅವರಿಗೆ ಇದ್ದ ಭಯ ಅದೊಂದೇ. ತನ್ನ ಸಾವಿನ ಬಗ್ಗೆ ಕೂಡ ಅವರು ಅಷ್ಟು ಹೆದರಿದ್ದನ್ನು ನಾನು ನೋಡಲಿಲ್ಲ.

ನಾನು ಪಟ್ಟಿಯನ್ನು ಎದೆಗೆ ಒತ್ತಿಕೊಂಡು ಓಡಿದೆ. ನನ್ನಂಥವರಿಗೆ ಆ ಪ್ರಾಯದಲ್ಲಿ ಒಂದು ರೋಗವಿರುತ್ತದೆ. ಹಳೆಯ ಪುಸ್ತಕದ ಒಂದು ಸಾಲು, ಪಕ್ಕದ ಮನೆಯ ಒಂದು ಕತೆ, ಎರಡೂ ಒಂದಕ್ಕೊಂದು ತಾಗಿದರೆ ಸಾಕು, ದೇವರು ನಮ್ಮನ್ನೇ ಕಳಿಸಿದ್ದು ಎಂದು ಅನ್ನಿಸಿಬಿಡುತ್ತದೆ.

ಸದಾಶಿವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. "ನನ್ನ ಅಜ್ಜಿಗೆ ಬೇರೆ ಕೆಲಸ ಇಲ್ಲ. ನಿಮಗೆ ಕೆಲಸವೇ ಇಲ್ಲ. ಒಳ್ಳೆ ಜೋಡಿ," ಎಂದ.

"ನೀನು ಸುಮ್ಮನಿರಾ," ಪದ್ದಕ್ಕ ಗದರಿಸಿದರು. "ಮಾಸ್ಟ್ರ ಮಗ ಬರೀಲಿ. ಒಂದು ಕಾಗದಕ್ಕೆ ಎಂತ ಭಾರ?"

ಇನ್‌ಸ್ಟಿಟ್ಯೂಟಿನ ಮೆಷಿನ್ನಿನಲ್ಲಿ ಟೈಪ್ ಮಾಡಿದೆ. ನನಗೆ ಗೊತ್ತಿದ್ದ ಇಂಗ್ಲಿಷು ಅಭ್ಯಾಸ ಪುಸ್ತಕದ ಮಾದರಿ ಪತ್ರಗಳದ್ದು. ಹಾಗಾಗಿ ಆ ಲೈಬ್ರರಿಯವರಿಗೆ ನನ್ನ ಮೊದಲ ಪತ್ರ ಹತ್ತಿಬಟ್ಟೆಯ ಸಗಟು ವ್ಯಾಪಾರಿಯೊಬ್ಬ ದರ ವಿಚಾರಿಸಿದ ಹಾಗೆ ಇದ್ದಿರಬೇಕು. ಆದರೂ ಉತ್ತರ ಬಂತು. ಬರೆದದ್ದು ಒಬ್ಬರು ಹೆಂಗಸು. ನನ್ನ ಮುತ್ತಜ್ಜನಿಗೆ ಬರೆದಷ್ಟು ಮರ್ಯಾದೆ ಆ ಪತ್ರದಲ್ಲಿತ್ತು. ಯಾವ ಪತ್ರದಲ್ಲಿ ಏನಿದೆ ಎಂದು ಒಂದೊಂದು ಸಾಲಿನಲ್ಲಿ ಬರೆದು, ಯಾವುದರ ಫೋಟೋ ಪ್ರತಿ ಬೇಕು ಎಂದು ಕೇಳಿದ್ದರು. ಅದರಲ್ಲಿ ಎರಡನ್ನು ಆರಿಸಿದೆ. ಒಂದು, ಕಾಪುವಿನ ಬಂಡೆಯ ಬಗ್ಗೆ. ಇನ್ನೊಂದರ ಎದುರು, ಜೊತೆಗಾರನೊಬ್ಬನ ಸಾವಿನ ಬಗ್ಗೆ ಎಂದಿತ್ತು. ಅದನ್ನು ಓದಿದಾಗ ನನಗೆ ಸಂತೋಷವೇ ಆಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಪ್ರತಿಗಳು ಬಂದಾಗ ನನಗೆ ಒಂದಕ್ಷರ ಓದಲಾಗಲಿಲ್ಲ. ಆ ಕಾಲದವರು ಕಾಗದ ಉಳಿಸಲು ಅಡ್ಡಕ್ಕೆ ಬರೆದು ಮುಗಿಸಿ, ಹಾಳೆ ತಿರುಗಿಸಿ, ಅದರ ಮೇಲೆಯೇ ಉದ್ದಕ್ಕೆ ಬರೆಯುತ್ತಿದ್ದರಂತೆ. ಕಾಗದವಲ್ಲ, ಬಲೆ. ಕಾರ್ಕಳದಲ್ಲಿ ಒಬ್ಬರು ನಿವೃತ್ತ ಇಂಗ್ಲಿಷ್ ಮಾಸ್ಟ್ರು ಇದ್ದರು, ಅಪ್ಪನ ಪರಿಚಯದವರು. ಕಣ್ಣಿಗೆ ಪೊರೆ ಬರುತ್ತಿದ್ದರೂ ಭೂತಗನ್ನಡಿ ಹಿಡಿದು ಎಂಥ ಬರಹವನ್ನೂ ಬಿಡಿಸುವವರು. ನಾಲ್ಕು ಭಾನುವಾರ ಅವರ ಜಗಲಿಯಲ್ಲಿ ಕೂತೆ. ಅವರು ಒಂದೊಂದು ಎಳೆ ಬಿಡಿಸಿ ಹೇಳಿದರು, ನಾನು ಪೆನ್ಸಿಲಿನಲ್ಲಿ ಬರೆದುಕೊಂಡೆ.

ಮೊದಲನೆಯದರಲ್ಲಿ ಕಾಪುವಿನ ಬಂಡೆ ಸ್ಪಷ್ಟವಾಗಿತ್ತು. 'ಈ ಊರಿನ ಒಬ್ಬನನ್ನು ದೋಣಿಗೆ ತೆಗೆದುಕೊಂಡಿದ್ದೇನೆ. ನಮ್ಮ ಮನೆಯ ಮೆಟ್ಟಿಲು ನನಗೆ ಗೊತ್ತಿರುವಷ್ಟು ಇಲ್ಲಿಯ ಬಂಡೆಗಳು ಅವನಿಗೆ ಗೊತ್ತು.' ಹೆಸರಿರಲಿಲ್ಲ. ಆದರೆ ಬೇರೆ ಯಾರಿರುತ್ತಾರೆ?

ಎರಡನೆಯದು ಒಂದೇ ಹಾಳೆ. ವಾಕ್ಯದ ನಡುವಿನಿಂದ ಶುರುವಾಗುತ್ತಿತ್ತು. ತಂತಿಯ ತೂತಿನ ಕಾಗದ ಓದಿ ಬೆಳೆದವನಿಗೆ ಅದೇನೂ ವಿಶೇಷ ಅನ್ನಿಸಲಿಲ್ಲ. ಅದರಲ್ಲಿ ಇದ್ದದ್ದು ಇಷ್ಟು: ಇಷ್ಟು ವರ್ಷ ನನ್ನ ಬಾಗಿಲಿಗೆ ಅಡ್ಡ ಮಲಗಿದವನು. ನಮ್ಮ ಭಾಷೆ ಅವನಿಗೆ ಬಾರದು, ಆದರೂ ನಾನು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ನನಗೆ ಜ್ವರ ಬಂದು ಊಟ ಬಿಟ್ಟರೆ ಅವನೂ ಬಿಡುತ್ತಿದ್ದ. ನೀರಿನಲ್ಲಿ ಅವನ ಸರಿಸಮ ಯಾರೂ ಇರಲಿಲ್ಲ. ನಿನ್ನೆ ಬೆಳಿಗ್ಗೆ ಹೋದ. ಆಳುಗಳಿಗೆ ಮುಟ್ಟಲು ಬಿಡದೆ ನಾನೇ ಗುಂಡಿ ತೋಡಿ, ಕೈಯಾರೆ ಮಣ್ಣು ಹಾಕಿ, ಮೇಲೊಂದು ಕಲ್ಲು ನಿಲ್ಲಿಸಿದೆ. ಅಮ್ಮನಿಗೆ ಒಮ್ಮೆಲೇ ಹೇಳಬೇಡ.

ಮಾಸ್ಟ್ರು ಭೂತಗನ್ನಡಿ ಕೆಳಗಿಟ್ಟು ಕಣ್ಣೊರೆಸಿಕೊಂಡರು. "ಎಂಥ ಮನುಷ್ಯ ನೋಡು. ದೋಣಿಯ ಆಳು ಸತ್ತದ್ದಕ್ಕೆ ಇಷ್ಟು ಅತ್ತಿದ್ದಾನೆ. ನಮ್ಮಲ್ಲಾದರೆ ನಾಳೆಗೆ ಬದಲಿ ಯಾರು ಅಂತ ಕೇಳ್ತಾರೆ, ಅಷ್ಟೆ."

ಪತ್ರದ ಕೊನೆಯಲ್ಲಿದ್ದ ತಾರೀಖಿಗೆ ಹಳೆಯ ಪಂಚಾಂಗ ನೋಡಿ ತಿಥಿಯನ್ನೂ ಅವರೇ ಲೆಕ್ಕ ಹಾಕಿಕೊಟ್ಟರು. ಕಾರ್ಕಳದಿಂದ ಬರುವ ಬಸ್ಸಿನಲ್ಲಿ ನನಗೆ ನಿಲ್ಲಲಿಕ್ಕೂ ಜಾಗವಿರಲಿಲ್ಲ. ಹಾಳೆ ಮುದುಡಬಾರದೆಂದು ತಲೆಯ ಮೇಲೆ ಎತ್ತಿ ಹಿಡಿದುಕೊಂಡೇ ಬಂದೆ.

ಗುರಿಕಾರರು ಒಪ್ಪಿದರು. ಕಾಪುವಿನ ಬಂಡೆ ಉಂಟು, ನೀರಿನಲ್ಲಿ ಸಮ ಇಲ್ಲದವನು ಎಂದು ಉಂಟು, ದಿನವೂ ಉಂಟು. ಇನ್ನೇನು ಬೇಕು? "ಸುದ್ದಿ ಬಂತು," ಎಂದರು. ಆ ಎರಡು ಶಬ್ದಕ್ಕೆ ಆ ಮನೆ ಮೂರು ತಲೆಮಾರು ಕಾದಿತ್ತು. ಪದ್ದಕ್ಕ ಆಗಲೇ ಅಳಲು ಶುರುಮಾಡಿದರು. ಸುದ್ದಿ ಬಾರದೆ ಅಳಲಿಕ್ಕಿಲ್ಲ ಎಂದು ತಡೆಹಿಡಿದಿದ್ದ ಅಳು. ಅವರ ಅಜ್ಜಿಯದು, ಅಮ್ಮನದು, ಅವರದು.

ತಿಥಿ ಬಂದ ದಿನ ಕಡಲ ದಂಡೆಯಲ್ಲಿ ಬೈಹುಲ್ಲಿನ ಒಂದು ಆಳು ಮಾಡಿ, ಬಿಳಿ ಬಟ್ಟೆ ಹೊದೆಸಿ ಮಲಗಿಸಿದರು. ಸುದ್ದಿ ತಂದವನೇ ಸುದ್ದಿ ಹೇಳಬೇಕಂತೆ. ನಾನು ಆ ಹುಲ್ಲಿನ ಮೈಯ ಎದುರು ನಿಂತು ಪತ್ರವನ್ನು ತುಳುವಿನಲ್ಲಿ ಓದಿದೆ. ನನ್ನ ಸ್ವರ ಎಷ್ಟು ಚೆನ್ನಾಗಿ ನಡುಗುತ್ತಿದೆ ಎಂದು ಒಳಗೊಳಗೇ ನನಗೇ ಮೆಚ್ಚುಗೆ. ಬಾಗಿಲಿಗೆ ಅಡ್ಡ ಮಲಗಿದವನು ಎಂದಾಗ ಗಂಡಸರು ತಲೆ ತಗ್ಗಿಸಿದರು. ಅಮ್ಮನಿಗೆ ಒಮ್ಮೆಲೇ ಹೇಳಬೇಡ ಎಂದಾಗ ಪದ್ದಕ್ಕ ನೆಲಕ್ಕೆ ಕೂತುಬಿಟ್ಟರು.

"ದೊರೆಯ ಅಮ್ಮನಿಗೂ ನಮ್ಮವನ ಗುರ್ತ ಇತ್ತಲ್ಲ," ಎಂದರು. "ಅಷ್ಟು ದೂರ ಒಬ್ಬಳು ಅಮ್ಮ ಅಳಬಾರ್ದು ಅಂತ ಬರ್ದಿದ್ದಾನಲ್ಲ."

ಸದಾಶಿವ ಬೆಂಕಿ ಕೊಟ್ಟ. ಅವನೂ ಅಳುತ್ತಿದ್ದ. ಹೊಗೆ ಎಂದು ಹೇಳಿಕೊಂಡ.

ಆಮೇಲೆ ಗುರಿಕಾರರು ನನ್ನ ಕಡೆ ತಿರುಗಿ, "ಕಾಗದ ಹರಿದು ಹಾಕಿ," ಎಂದರು. ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಸಾವಿನ ಕಾಗದ ಇಟ್ಟುಕೊಳ್ಳಲಿಕ್ಕಿಲ್ಲವಲ್ಲ. ಸಮುದ್ರ ದಾಟಿ ಬಂದ ಪ್ರತಿ, ನಾಲ್ಕು ಭಾನುವಾರದ ಕೆಲಸ. ಕೈ ತೊಳೆದು ಮುಟ್ಟಿದ್ದನ್ನು ಎಲ್ಲರೆದುರು ಹರಿದು ಬೆಂಕಿಗೆ ಹಾಕಿದೆ. ಆಗ ನನಗೆ ಹೊಳೆದದ್ದು ಇದು: ನೂರು ವರ್ಷದ ಹಿಂದೆ ಯಾರಾದರೂ ಈ ಊರಿಗೆ ಒಂದು ಚೀಟಿ ಕಳಿಸಿದ್ದರೂ ಅದನ್ನು ಹೀಗೆಯೇ ಹರಿದಿರಬಹುದು. ನಾವು ಸತ್ತವರನ್ನು ಉಳಿಸಿಕೊಳ್ಳುತ್ತೇವೆ, ಕಾಗದ ಉಳಿಸುವುದಿಲ್ಲ. ಅಲ್ಲಿಯವರು ಕಾಗದ ಉಳಿಸುತ್ತಾರೆ. ನಾನು ಎರಡನ್ನೂ ಉಳಿಸಿದವನು ಎಂದು ಅವತ್ತು ಎದೆ ಉಬ್ಬಿತ್ತು.

ಆ ಮಾರ್ನೆಮಿಗೆ ಐತಜ್ಜನ ಎಲೆ ಒಳಕೋಣೆಯ ಸಾಲಿಗೆ ಬಂತು. ಮೊದಲು ಗಂಜಿ ಬಡಿಸಿದರು, ಅರ್ಧದಲ್ಲಿ ಬಿಟ್ಟು ಹೋಗಿದ್ದರಲ್ಲ, ಅದಕ್ಕೆ. ಪದ್ದಕ್ಕ ಹಿಂದಿನ ಜಗಲಿಯನ್ನು ತೊಳೆದು ಅಲ್ಲಿ ಚಾಪೆ ಹಾಸಿ ಮಲಗಿದರು. ತಾನು ಹುಟ್ಟಿದ ಮೇಲೆ ಆ ದಿನ ಆ ಜಾಗದಲ್ಲಿ ಯಾರೂ ಮಲಗಿದ್ದಿಲ್ಲ ಎಂದರು.

ಸಂಗತಿ ಬರುವುದುಂಟು ಎಂದೆನಲ್ಲ, ಅದು ಮುಂದಿನ ಮಳೆಗಾಲದಲ್ಲಿ ಬಂತು. ಅಂಚೆಯವನು ಬಗಲಲ್ಲಿ ಇಟ್ಟುಕೊಂಡು, ಒದ್ದೆಯಾಗದ ಹಾಗೆ ತಂದುಕೊಟ್ಟ. ಕಂದು ಲಕೋಟೆ, ಅದೇ ಹೆಂಗಸಿನ ಪತ್ರ. ಪೆಟ್ಟಿಗೆಯನ್ನು ಪುನಃ ಜೋಡಿಸುವಾಗ ಗೊತ್ತಾಯಿತಂತೆ, ನಾನು ಕೇಳಿದ ಪತ್ರದ ಮೊದಲ ಹಾಳೆ ಬೇರೊಂದು ಪತ್ರದ ಒಳಗೆ ಸಿಕ್ಕಿಕೊಂಡಿತ್ತು. ಅಪೂರ್ಣ ಪ್ರತಿ ಕಳಿಸಿದ್ದಕ್ಕೆ ಕ್ಷಮೆ ಕೇಳಿ, ಆ ಹಾಳೆಯ ಪ್ರತಿ ಇಟ್ಟಿದ್ದರು. ನಾನು ಕೇಳಿರಲಿಲ್ಲ. ಯಾರೂ ಕೇಳದೆ, ಸರಿಯಾಗಿರಲಿ ಎಂದು ಮಾಡಿದ ಕೆಲಸ.

ಅಷ್ಟರಲ್ಲಿ ನಾನು ಆ ಕೈಬರಹ ಓದಲು ಕಲಿತಿದ್ದೆ. ಜಗಲಿಯಲ್ಲಿ ಕೂತು ಓದಿದೆ. ಅವರ ಮನೆಯ ಕಂದು ಬಣ್ಣದ ನಾಯಿ. ಮರಿಯಾಗಿದ್ದಾಗ ಅಮ್ಮ ಮಡಿಲಲ್ಲಿಟ್ಟು ಹಾಲು ಕುಡಿಸಿದ್ದು, ತಂಗಿ ಹೆಸರಿಟ್ಟದ್ದು, ಹಡಗಿನಲ್ಲಿ ಇಲ್ಲಿಯವರೆಗೆ ಜೊತೆಗೆ ಬಂದದ್ದು. ಅದಕ್ಕೆ ಏನೋ ಕಚ್ಚಿತಂತೆ. ಸಾಕಿದ ನಾಯಿಯನ್ನೂ ಇಂಗ್ಲಿಷಿನಲ್ಲಿ ಅವನು ಎಂದೇ ಬರೆಯುತ್ತಾರೆ.

ಮೊದಲು ನನಗೆ ನಗು ಬಂತು. ಅಡುಗೆಮನೆಯಿಂದ ಅಮ್ಮ, "ಎಂತದಾ?" ಎಂದು ಕೇಳುವಷ್ಟು ನಗು. ನಾಯಿ ಸತ್ತರೆ ಎರಡು ಹಾಳೆ ಬರೆಯುವ ಜನ ಈ ಲೋಕದಲ್ಲಿ ಉಂಟು ಎಂದು ಕಾಪುವಿನಲ್ಲಿ, ಕಾರ್ಕಳದಲ್ಲಿ, ನಮಗೆ ಯಾರಿಗೂ ಹೊಳೆಯಲಿಲ್ಲವಲ್ಲ. ನಮ್ಮಲ್ಲಿ ನಾಯಿ ಸತ್ತರೆ ಕಾಲಿಗೆ ಹಗ್ಗ ಕಟ್ಟಿ ಗುಡ್ಡೆಗೆ ಎಳೆಯುತ್ತಾರೆ. ಆಮೇಲೆ ಅದೇ ಹಾಳೆಯ ಕೆಳಗೆ, ಅಡ್ಡ ಬರಹದ ನಡುವೆ, ಒಂದು ಸಾಲು ಕಂಡಿತು. 'ಹಗ್ಗ ಹಿಡಿಯುತ್ತಿದ್ದ ಕಾಪುವಿನವನಿಗೆ ಜ್ವರ. ಉತ್ತರದ ಒಂದು ಅಳಿವೆಯ ದಡದಲ್ಲಿ ಅವನನ್ನು ಇಳಿಸಿ ಬಂದಿದ್ದೇವೆ. ನಾಳೆ ಬೇರೊಬ್ಬ ಬರುತ್ತಾನೆ.'

ಅಷ್ಟೆ. ಯಾವ ಅಳಿವೆ, ಆಮೇಲೆ ಏನಾಯಿತು, ಸತ್ತನೋ ಬದುಕಿದನೋ, ಒಂದೂ ಇಲ್ಲ. ನಗು ಎಲ್ಲಿ ನಿಂತಿತು ಎಂದು ನನಗೆ ನೆನಪಿಲ್ಲ.

ಕಾರ್ಕಳಕ್ಕೆ ಹೋದೆ. ಮಾಸ್ಟ್ರಿಗೆ ಆಗ ಕಣ್ಣು ಪೂರ್ತಿ ಹೋಗಿತ್ತು. ನಾನೇ ಓದಿ ಹೇಳಿದೆ.

"ನಾಯಿಗೆ ಹೆಸರು ಉಂಟಾ ಅದರಲ್ಲಿ?" ಎಂದು ಕೇಳಿದರು.

"ಉಂಟು."

"ಆ ಮನುಷ್ಯನಿಗೆ?"

"ಇಲ್ಲ."

ಅವರು ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ನಾನು ಸ್ವಲ್ಪ ಹೊತ್ತು ಕೂತು ಬಸ್ಸಿಗೆ ಹೊರಟೆ.

ಕಾಪುವಿನಲ್ಲಿ ವಿದೇಶದ ಲಕೋಟೆ ಬಂದರೆ ಗುಟ್ಟಾಗಿ ಉಳಿಯುವುದಿಲ್ಲ. ಅಂಚೆಯವನು ಹೇಳಿಬಿಟ್ಟಿದ್ದ. ಪದ್ದಕ್ಕ ಹಿಂದಿನ ಜಗಲಿಯಲ್ಲಿ ಒಣಮೀನು ಹೆಕ್ಕುತ್ತಾ ಕೂತಿದ್ದರು, ಸದಾಶಿವ ಪಕ್ಕದಲ್ಲಿ ಬಲೆಯ ಗಂಟು ಬಿಡಿಸುತ್ತಿದ್ದ.

"ಪುನಃ ಕಾಗದ ಬಂತಂತೆ ಮಗಾ? ಎಂತ ಬರ್ದಿದ್ದಾರೆ?"

ದಾರಿಯುದ್ದಕ್ಕೂ ನಾನು ಹೇಳಲೆಂದೇ ಬಂದದ್ದು. ನಿಜವಾಗಿ. ಹಳೆ ಕಾಗದದವನಿಗೆ ಸತ್ಯಕ್ಕಿಂತ ಬೇರೆ ದೇವರಿಲ್ಲ ಎಂದು ಭುಜಂಗನಿಗೆ ಎಷ್ಟು ಸಲ ಭಾಷಣ ಮಾಡಿದ್ದೇನೆ. ಪದ್ದಕ್ಕನ ಮುಖ ನೋಡಿದೆ. "ಮೊದಲಿನದ್ದು ಬಂದು ಸೇರಿತಾ ಅಂತ ಕೇಳಿದ್ದಾರೆ," ಎಂದೆ.

"ಹಾಗಾದ್ರೆ ನೀನು ಬರಿ. ಬಂದು ಸೇರಿತು ಅಂತ ಬರಿ. ಐತ ಮನೆಗೆ ಬಂದ, ಉಂಡ, ಸಾಲಲ್ಲಿ ಕೂತ ಅಂತ ಬರಿ. ಆ ದೊರೆಯ ಮನೆಯವರು ಯಾರಾದ್ರೂ ಇದ್ರೆ ಅವರಿಗೂ ಹೇಳ್ಲಿಕ್ಕೆ ಹೇಳು. ನಮ್ಮವನಿಗೆ ಕೈಯಾರೆ ಮಣ್ಣು ಹಾಕಿದ್ದಾನಲ್ಲ, ಆ ಋಣ ನಾವು ಮರೆಯುವುದಿಲ್ಲ ಅಂತ. ಮತ್ತೆ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗು. ಇಲ್ಲದಿದ್ರೆ ನೀನೇ ಬರ್ದದ್ದು ಅಂತ ಎಣಿಸ್ತಾರೆ."

ಹೊರಡುವಾಗ ಸದಾಶಿವ ದಾರಿಯವರೆಗೆ ಬಂದ.

"ನಿಮ್ಮ ಮುಖದಲ್ಲಿ ಉಂಟು," ಎಂದ. "ಎಂತ ಇದ್ರೂ ನನಗೆ ಹೇಳ್ಬೇಡಿ. ಅಜ್ಜಿ ಹೋದ ಮೇಲೆ ಆ ಎಲೆ ಹಾಕುವವ ನಾನು."

ನಾನು ಟೈಪ್ ಮಾಡಿದೆ. ಒಂದು ತಪ್ಪಿಲ್ಲದೆ, ಅಂಚು ಬಿಟ್ಟು, ಹುಡುಗಿಯರಿಗೆ ಮಾದರಿ ತೋರಿಸಬಹುದಾದಷ್ಟು ಚೆಂದ. ಇನ್‌ಸ್ಟಿಟ್ಯೂಟಿನ ಶಾಯಿ ಪ್ಯಾಡು ತಂದು ಪದ್ದಕ್ಕನ ಹೆಬ್ಬೆರಳು ಒತ್ತಿಸಿದೆ. ಬೆರಳಿನ ಗೆರೆಗಳು ಉಪ್ಪಿಗೆ ಸವೆದಿದ್ದವು, ಮೂರನೇ ಸಲಕ್ಕೆ ಮೂಡಿತು. ಮರುವರ್ಷ ಅವರು ತೀರಿಕೊಂಡರು. ಐತಜ್ಜನ ಪಕ್ಕದಲ್ಲಿ ಅವರಿಗೂ ಎಲೆ ಬಿತ್ತು. ಸದಾಶಿವನೇ ಹಾಕುತ್ತಾನೆ. ಪ್ರತಿ ಮಾರ್ನೆಮಿಗೆ ನನ್ನನ್ನು ಕರೆದು, ಸುದ್ದಿ ತಂದವರು ಎಂದು ಮೊದಲ ಪಂಕ್ತಿಯಲ್ಲಿ ಕೂರಿಸುತ್ತಾರೆ. ಕೋಳಿಯ ಸಾರು ಬಡಿಸುತ್ತಾರೆ. ಉಣ್ಣುತ್ತೇನೆ. ಯಾವುದೋ ಅಳಿವೆಯ ದಡದಲ್ಲಿ ಒಬ್ಬ ಮನುಷ್ಯ ಜ್ವರದಲ್ಲಿ ಮಲಗಿ ದೋಣಿ ಹೋಗುವುದನ್ನು ನೋಡುತ್ತಾನೆ, ನಾನು ಇಲ್ಲಿ ಇನ್ನೊಂದು ತುಂಡು ಹಾಕಿಸಿಕೊಳ್ಳುತ್ತೇನೆ.

ಸ್ಕಾಟ್ಲೆಂಡಿನಿಂದ ಉತ್ತರ ಬಂತು. ನಮ್ಮ ಪತ್ರ ಅವರ ಮನಸ್ಸಿಗೆ ತುಂಬ ತಾಗಿತಂತೆ. ಆ ಹೆಂಗಸು ಮೊದಲ ಹಾಳೆಯನ್ನು ಓದಿಯೇ ಕಳಿಸಿರಬೇಕು. ಅದು ಯಾರ ಸಾವು ಎಂದು ಅವರಿಗೆ ಗೊತ್ತಿಲ್ಲದೆ ಇರಲಿಕ್ಕಿಲ್ಲ. ಆದರೆ ನಾಯಿಯ ಬಗ್ಗೆ ಒಂದು ಮಾತೂ ಇಲ್ಲ. ಹೆಬ್ಬೆಟ್ಟಿನ ಗುರುತಿರುವ ಪತ್ರಕ್ಕೂ ಒಂದು ಸಂಖ್ಯೆ ಕೊಟ್ಟು, ಅದೇ ಪೆಟ್ಟಿಗೆಯಲ್ಲಿ, ಆ ಪತ್ರಗಳ ಹಿಂದೆಯೇ ಇಟ್ಟಿದ್ದೇವೆ ಎಂದು ಬರೆದಿದ್ದರು. ಕೇಳಿದ ಓದುಗರಿಗೆ ಇನ್ನು ಮುಂದೆ ಕೊಡುತ್ತಾರಂತೆ.

ಅಂದರೆ ಅದು ಇರುತ್ತದೆ. ಗೆದ್ದಲಿಲ್ಲ, ಮಳೆಯಿಲ್ಲ, ಹರಿದು ಹಾಕುವ ಗುರಿಕಾರರಿಲ್ಲ. ನಾನು ಸತ್ತ ಮೇಲೂ ಯಾರೋ ಕೈ ತೊಳೆದುಕೊಂಡು ಬಂದು ಅದನ್ನು ಮೆಲ್ಲಗೆ ಎತ್ತಿ ಓದುತ್ತಾರೆ, ನಂಬುತ್ತಾರೆ. ಆ ಇಡೀ ಪೆಟ್ಟಿಗೆಯಲ್ಲಿ ಐತ ಎಂಬ ಹೆಸರು ಇರುವುದು ಒಂದೇ ಹಾಳೆಯಲ್ಲಿ, ಅದು ನಾನು ಟೈಪ್ ಮಾಡಿದ ಸುಳ್ಳಿನ ಹಾಳೆಯಲ್ಲಿ.

ಮನೆಯ, ಮನುಷ್ಯರ ಗುರುತು ಸ್ವಲ್ಪ ಬದಲಿಸಿ ಬರೆದಿದ್ದೇನೆ. ಗೊತ್ತಾದವರು ಗೊತ್ತಾಗದ ಹಾಗೆ ಇದ್ದುಬಿಡಿ. ನಾಯಿಯ ಹಾಳೆ ನನ್ನ ಹತ್ತಿರ ಉಂಟು. ಹರಿಯಲು ಅದು ಸಾವಿನ ಕಾಗದವಲ್ಲ. ನಮ್ಮವನು ಸತ್ತ ಎಂದು ಅದರಲ್ಲಿ ಇಲ್ಲ. ಇಟ್ಟುಕೊಳ್ಳಲು ನನ್ನಿಂದ ಆಗುವುದಿಲ್ಲ. ಓದುಗರೇ, ನಿಮ್ಮ ಮನೆಯಲ್ಲಿ ಹೀಗೆ ಸುದ್ದಿ ಬಾರದೆ ಹೋದವರು ಯಾರಾದರೂ ಇದ್ದಾರಾ? ಅವರಿಗೆ ಎಲ್ಲಿ ಎಲೆ ಹಾಕುತ್ತೀರಿ? ಸುದ್ದಿ ತಂದವನು ಸುಳ್ಳು ತಂದ ಎಂದು ಆಮೇಲೆ ಗೊತ್ತಾದ ಮನೆ ಯಾವುದಾದರೂ ಇದ್ದರೆ, ಆ ಎಲೆಯನ್ನು ಅವರು ಎತ್ತಿದರೋ, ಹಾಗೆಯೇ ಬಿಟ್ಟರೋ? ದಯವಿಟ್ಟು ಬರೆದು ತಿಳಿಸಿ. ಮಾರ್ನೆಮಿಗೆ ಇನ್ನು ಹೆಚ್ಚು ದಿನವಿಲ್ಲ.